ಬ್ರೌಸರ್ ತೆರೆದರೆ ಲಿನಕ್ಸ್ ನಿಂತೇ ಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನ್ನದು 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್. ಲಿನಕ್ಸ್ ಹಾಕಿಕೊಂಡಿದ್ದೇನೆ. ಬ್ರೌಸರ್‌ನಲ್ಲಿ ವಿಡಿಯೊ ನೋಡುವಾಗ, ಇಲ್ಲಾ ಜಾಸ್ತಿ ಟ್ಯಾಬ್ ತೆರೆದಾಗ, ಇಡೀ ಕಂಪ್ಯೂಟರ್ ನಿಂತುಬಿಡುತ್ತದೆ. ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿ. ಎರಡು ಸಲ ಹೊಸದಾಗಿ ಇನ್‌ಸ್ಟಾಲ್ ಮಾಡಿದರೂ ಹಾಗೇ ಇದೆ. ತಪ್ಪು ಬ್ರೌಸರ್‌ದೋ, ಗ್ರಾಫಿಕ್ಸ್‌ದೋ?

ಉತ್ತರ: ಮೂರನೇ ಸಲ ಇನ್‌ಸ್ಟಾಲ್ ಮಾಡಬೇಡಿ, ದಯವಿಟ್ಟು. ಅದೇ ಕರ್ನಲ್ (ಲಿನಕ್ಸ್‌ನ ತಿರುಳು), ಅದೇ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಮ್) ಮತ್ತೆ ಬಂದು ಕೂರುತ್ತವೆ, ತೊಂದರೆಯೂ ಅವುಗಳ ಜೊತೆಗೇ ಬರುತ್ತದೆ.

ನಿಮ್ಮ ಪತ್ರ ಓದಿದರೆ ನನಗೆ ಇದು ಒಂದಲ್ಲ, ಎರಡು ತೊಂದರೆ ಅನ್ನಿಸುತ್ತದೆ. ಟ್ಯಾಬ್ ಜಾಸ್ತಿಯಾದಾಗ ನಿಲ್ಲುವುದು ಸಾಮಾನ್ಯವಾಗಿ ರ‍್ಯಾಮ್ ತುಂಬಿದ್ದರಿಂದ. ಅದು ನಿಧಾನವಾಗಿ ಬರುತ್ತದೆ: ಮೊದಲು ಮೌಸ್ ತಡವರಿಸುತ್ತದೆ, ಡಿಸ್ಕ್ ದೀಪ ಬಿಡದೆ ಉರಿಯುತ್ತದೆ, ಆಮೇಲೆ ಎಲ್ಲ ನಿಲ್ಲುತ್ತದೆ. ಗ್ರಾಫಿಕ್ಸ್ ಕೈಕೊಟ್ಟರೆ ಹಾಗಲ್ಲ, ಏನೂ ಸೂಚನೆ ಇಲ್ಲದೆ ಪರದೆ ಥಟ್ಟನೆ ನಿಲ್ಲುತ್ತದೆ, ಕೆಲವೊಮ್ಮೆ ಹಾಡು ಮಾತ್ರ ಕೇಳುತ್ತಲೇ ಇರುತ್ತದೆ.

ಮುಂದಿನ ಸಲ ನಿಂತಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಕರ್ನಲ್ ಇನ್ನೂ ಜೀವಂತ ಇದೆ ಅಂತ ಅರ್ಥ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ಬ್ರೌಸರ್ ಒಂದನ್ನೇ ಮುಚ್ಚಬಹುದು. ಅದೂ ಬರದಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಒಂದೊಂದಾಗಿ, ನಡುವೆ ಸ್ವಲ್ಪ ಬಿಟ್ಟು ಒತ್ತಿ. ಬರೆಯದೆ ಉಳಿದದ್ದು ಡಿಸ್ಕಿಗೆ ಹೋಗಿ, ಡಿಸ್ಕ್ ಓದಲು ಮಾತ್ರ ಅನ್ನುವ ಸ್ಥಿತಿಗೆ ಬಂದು, ಆಮೇಲೆ ರೀಬೂಟ್ ಆಗುತ್ತದೆ. ಉಬುಂಟುವಿನಲ್ಲಿ ಈ ಮೂರೂ ಮೊದಲಿನಿಂದಲೇ ಆನ್ ಇರುತ್ತವೆ, ಬೇರೆ ಕೆಲವು ಲಿನಕ್ಸ್‌ಗಳಲ್ಲಿ ನಾವೇ ಆನ್ ಮಾಡಿಕೊಳ್ಳಬೇಕು. ಪವರ್ ಬಟನ್‌ಗಿಂತ ಇದು ಎಷ್ಟೋ ವಾಸಿ, ನಿಮ್ಮ ಫೈಲ್‌ಗಳು ಉಳಿಯುತ್ತವೆ.

ರೀಬೂಟ್ ಆದ ಮೇಲೆ ಜರ್ನಲ್‌ಸಿಟಿಎಲ್ ಅನ್ನುವ ಕಮಾಂಡ್‌ನಿಂದ ಹಿಂದಿನ ಬೂಟ್‌ನ ಕರ್ನಲ್ ಲಾಗ್ (ನಡೆದದ್ದರ ದಾಖಲೆ) ತೆರೆದು, ಕೊನೆಯ ಸಾಲುಗಳನ್ನು ಓದಿ. ಇಂಟೆಲ್ ಆದರೆ ‘ಜಿಪಿಯು ಹ್ಯಾಂಗ್’, ಎಎಂಡಿ ಆದರೆ ‘ರಿಂಗ್’ ಮತ್ತು ‘ಟೈಮ್‌ಔಟ್’, ಎನ್‌ವಿಡಿಯಾ ಆದರೆ ‘ಎಕ್ಸ್‌ಐಡಿ’ ಅನ್ನುವ ಪದ ಹುಡುಕಿ. ‘ಔಟ್ ಆಫ್ ಮೆಮೊರಿ’ ಅಂತ ಇದ್ದರೆ ಅದು ರ‍್ಯಾಮ್ ಕಥೆ, ಅರ್ಲಿಊಮ್ ಅನ್ನುವ ಪ್ರೋಗ್ರಾಮ್ ಹಾಕಿಕೊಳ್ಳಿ. ಎಲ್ಲ ಉಸಿರುಗಟ್ಟುವ ಮೊದಲೇ ಅದು ಜಾಸ್ತಿ ರ‍್ಯಾಮ್ ತಿನ್ನುವ ಪ್ರೋಗ್ರಾಮ್ ಅನ್ನು ಮುಚ್ಚುತ್ತದೆ. ಲಾಗ್‌ನಲ್ಲಿ ಏನೂ ಸಿಗದಿದ್ದರೆ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ, ಪೂರ್ತಿ ನಿಂತ ಯಂತ್ರಕ್ಕೆ ಕೊನೆಯ ಸಾಲು ಬರೆಯಲೂ ಪುರುಸೊತ್ತು ಇರುವುದಿಲ್ಲ.

ಈಗ ವಿಡಿಯೊ ವಿಷಯ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗ, ಫೈರ್‌ಫಾಕ್ಸ್‌ನಲ್ಲಿ ಜನರಲ್ ಪುಟದ ಪರ್ಫಾರ್ಮೆನ್ಸ್ ಭಾಗ. ಅಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ (ವಿಡಿಯೊದಂಥ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವುದು) ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದು, ಎರಡು ಮೂರು ದಿನ ಎಂದಿನಂತೆ ಬಳಸಿ. ನಿಲ್ಲುವುದು ತಪ್ಪಿತಾ? ಹಾಗಾದರೆ ತಪ್ಪು ಹೆಚ್ಚಾಗಿ ಕೆಳಗಿನ ಡ್ರೈವರ್‌ದು, ಬ್ರೌಸರ್‌ದಲ್ಲ. ಬ್ರೌಸರ್ ಕೆಲಸ ಕೇಳುತ್ತದೆ ಅಷ್ಟೆ, ಡ್ರೈವರ್ ಗಟ್ಟಿಯಾಗಿದ್ದರೆ ಆ ಕೆಲಸಕ್ಕೆ ಇಡೀ ಯಂತ್ರ ಬೀಳಬಾರದು. 2023ರಲ್ಲಿ ಬಂದ ಫೈರ್‌ಫಾಕ್ಸ್ 115 ಇಂಟೆಲ್ ಗ್ರಾಫಿಕ್ಸ್ ಇರುವ ಲಿನಕ್ಸ್‌ನಲ್ಲಿ ಹಾರ್ಡ್‌ವೇರ್ ವಿಡಿಯೊ ಡಿಕೋಡಿಂಗ್ (ಗ್ರಾಫಿಕ್ಸ್ ಚಿಪ್‌ನಿಂದಲೇ ವಿಡಿಯೊ ಬಿಡಿಸುವುದು) ಅನ್ನು ತಾನಾಗಿ ಆನ್ ಮಾಡಿತು. ಹೀಗೆ ಬ್ರೌಸರ್ ಅಪ್‌ಡೇಟ್ ಆದಾಗ, ಡ್ರೈವರ್‌ನಲ್ಲಿ ಮೊದಲೇ ಇದ್ದ ದೋಷ ಹೊರಗೆ ಬರಬಹುದು, ನಾವು ಸುಮ್ನೆ ಬ್ರೌಸರ್ ಬೈಯುತ್ತೇವೆ.

ಹಾಗಂತ ಆಫ್ ಮಾಡಿ ಬಿಟ್ಟುಬಿಡಬೇಡಿ. ವಿಡಿಯೊ ಬಿಡಿಸುವ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಬಿಸಿ ಜಾಸ್ತಿ, ಬ್ಯಾಟರಿ ಬೇಗ ಖಾಲಿ. ಮೆಸಾ (ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್‌ಗಳ ಕಟ್ಟು) ಮತ್ತು ಕರ್ನಲ್ ಅಪ್‌ಡೇಟ್ ಮಾಡಿ. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಬೂಟ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಳೆಯ ಕರ್ನಲ್ ಆರಿಸಿ. ಲಾಗಿನ್ ಪರದೆಯಲ್ಲಿ ವೇಲ್ಯಾಂಡ್, ಎಕ್ಸ್11 (ಪರದೆಯ ಮೇಲೆ ಚಿತ್ರ ತೋರಿಸುವ ಎರಡು ವ್ಯವಸ್ಥೆಗಳು) ಎರಡೂ ಆಯ್ಕೆ ಇದ್ದರೆ ವೇಲ್ಯಾಂಡ್ ಬಿಟ್ಟು ಎಕ್ಸ್11, ಅಥವಾ ಎಕ್ಸ್11 ಬಿಟ್ಟು ವೇಲ್ಯಾಂಡ್ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ ಅಲ್ವಾ?

ಇಷ್ಟಾದರೂ ನಿಲ್ಲುತ್ತಿದ್ದರೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ಫ್ಯಾನ್ ಧೂಳು ತೆಗೆಸಿ. ಕೆಟ್ಟ ರ‍್ಯಾಮ್ ಕೂಡ ಹೊರಗಿನಿಂದ ನೋಡಿದರೆ ಗ್ರಾಫಿಕ್ಸ್ ತೊಂದರೆಯ ಹಾಗೇ ಕಾಣುತ್ತದೆ.