ಕ್ರಿಸ್‌ಮಸ್ ಗಿಡ ಕೊರಿಯರ್‌ನಲ್ಲಿ ಕಳಿಸುವಾಗ

ಪ್ರಶ್ನೆ: ನಮ್ಮದು ಮನೆಯವರೇ ನಡೆಸುವ ನರ್ಸರಿ. 5 ಇಂಚಿನ ಕುಂಡದಲ್ಲಿ ಒಂದೂವರೆ ಅಡಿ ಬೆಳೆದ ಅರಾಕೇರಿಯಾ (ಕ್ರಿಸ್‌ಮಸ್ ಗಿಡ) ಇವೆ. ಕ್ರಿಸ್‌ಮಸ್‌ಗೆ ಆನ್‌ಲೈನ್‌ನಲ್ಲಿ ಮಾರುವ ಯೋಚನೆ. ಕಳೆದ ವರ್ಷ 30×30×75 ಸೆಂ.ಮೀ. ಪೆಟ್ಟಿಗೆಗೆ ಒಂದರಂತೆ 10 ಗಿಡ ಕಳಿಸಿದೆವು. 4ರ ತುದಿ ಮುರಿದಿತ್ತು, ಕೊರಿಯರ್ ಖರ್ಚು ಗಿಡದ ಬೆಲೆಯನ್ನೇ ಮೀರಿತು. ಏನು ಮಾಡೋಣ?
– ಓದುಗರೊಬ್ಬರು, ಹೊಸಕೋಟೆ

ಉತ್ತರ: ಅರಾಕೇರಿಯಾದಲ್ಲಿ ಕಾಪಾಡಬೇಕಾದದ್ದು ಸುಳಿ. ಅದು ಮುರಿದರೆ ಪಕ್ಕದ ಕೊಂಬೆ ಎದ್ದು ಆ ಜಾಗಕ್ಕೆ ಬರುವುದಿಲ್ಲ. ಕಾಂಡದಿಂದ ಹೊಸ ಚಿಗುರೊಡೆದರೂ ಗೋಪುರದ ಅಂದ ಹೋದಂತೆಯೇ. ಗಿಡಕ್ಕಿಂತ ಎರಡು ಇಂಚು ಎತ್ತರದ ಬಿದಿರು ಕಡ್ಡಿಯನ್ನು ಕುಂಡದ ತಳ ಮುಟ್ಟುವಂತೆ ಊರಿ, ಕಾಂಡವನ್ನು ಬಟ್ಟೆಪಟ್ಟಿಯಿಂದ ಎರಡು ಕಡೆ ಸಡಿಲವಾಗಿ ಕಟ್ಟಿ. ಪೆಟ್ಟಿಗೆಯ ಮೇಲೆ ಭಾರ ಬಿದ್ದರೆ ಕಡ್ಡಿ ಹೊರುತ್ತದೆ. ಕೊಂಬೆಗಳನ್ನು ಕೆಳಗಿನ ಸುತ್ತಿನಿಂದ ಮೇಲ್ಮುಖವಾಗಿಯೇ ಮಡಚಿ, ಪೇಪರ್ ಸುತ್ತಿ. ಕೆಳಕ್ಕೆ ಬಗ್ಗಿಸಿದರೆ ಬುಡದಲ್ಲಿ ಸೀಳುತ್ತವೆ.

ಹೀಗೆ ಮಡಚಿದ ಗಿಡ 20×20×65ರ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ಖರ್ಚು ಇಳಿಯುವುದು ಇಲ್ಲೇ. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ನಿಜವಾದ ತೂಕಕ್ಕಿಂತ ಅದು ಹೆಚ್ಚಾದರೆ ಅದಕ್ಕೇ ದುಡ್ಡು. ನಿಮ್ಮ ಹಳೆಯ ಪೆಟ್ಟಿಗೆ ಈ ಲೆಕ್ಕದಲ್ಲಿ 13.5 ಕಿಲೋ, ಹೊಸದು 5.2. ಭಾರ ಇಳಿಸಲು ಕೆಂಪುಮಣ್ಣು ಕೊಡವಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬುವ ಸಾಹಸ ಮಾತ್ರ ಈಗ ಬೇಡ. ಬೇರು ಅಲುಗಿದರೆ ಕೆಳಗಿನ ಕೊಂಬೆ ಒಣಗುತ್ತದೆ, ಒಣಗಿ ಉದುರಿದ ಕೊಂಬೆ ಮತ್ತೆ ಬರುವುದಿಲ್ಲ.

ನೀರು ಹಿಂದಿನ ದಿನವೇ ಹಾಕಿ, ಕುಂಡದ ಬಾಯಿಯನ್ನು ಕಾಂಡದ ಸುತ್ತ ಪ್ಲಾಸ್ಟಿಕ್‌ನಿಂದ ಮುಚ್ಚಿ. ಅದೇ ದಿನ ನೀರು ಕುಡಿಸಿದರೆ ರಟ್ಟು ನೆನೆದು ತಳ ಕಳಚುತ್ತದೆ. ಕುಂಡ ಅಲ್ಲಾಡದಂತೆ ನಾಲ್ಕೂ ಮೂಲೆಗೆ ರಟ್ಟು ತುರುಕಿ, ಪಕ್ಕಗಳಲ್ಲಿ ಗಾಳಿಗೆ ತೂತು ಬಿಡಿ.

ಸೋಮವಾರದಿಂದ ಬುಧವಾರದೊಳಗೆ ಕಳಿಸಿ. ಶುಕ್ರವಾರ ಹೊರಟ ಗಿಡ ಭಾನುವಾರ ಗೋದಾಮಿನ ಕತ್ತಲಲ್ಲಿರುತ್ತದೆ. ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲ (ಅಡ್ವೆಂಟ್) ಶುರುವಾಗುವುದು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವಿನ ಭಾನುವಾರ, ಹಾಗಾಗಿ ನವೆಂಬರ್ ಮೊದಲ ವಾರವೇ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಹಾಕಿ. ದೂರದ ಊರಿನ ಆರ್ಡರ್ ಡಿಸೆಂಬರ್ 15ಕ್ಕೆ ನಿಲ್ಲಿಸಿ. ಹಣ ಮುಂಗಡವೇ ಇರಲಿ: ಕ್ಯಾಶ್ ಆನ್ ಡೆಲಿವರಿಯಲ್ಲಿ ಬೇಡವೆಂದು ವಾಪಸಾದ ಗಿಡಕ್ಕೆ ಹೋಗಿಬರುವ ಖರ್ಚು ನಿಮ್ಮದೇ, ಬಂದಾಗ ಅದು ಮಾರುವ ಸ್ಥಿತಿಯಲ್ಲೂ ಇರುವುದಿಲ್ಲ.

ಇನ್ನು ಎತ್ತರ. ಕುಂಡವನ್ನೂ ಸೇರಿಸಿ ‘ಎರಡಡಿ ಗಿಡ’ ಎಂದು ಹಾಕಿದರೆ ಕುಂಡ ಬಿಟ್ಟು ಎರಡಡಿ ಎಂದೇ ಜನ ತಿಳಿಯುತ್ತಾರೆ. ಗಿಡ 45 ಸೆಂ.ಮೀ., ಕುಂಡ 13 ಎಂದು ಬೇರೆಬೇರೆಯಾಗಿ ಬರೆದು, ಪಕ್ಕದಲ್ಲಿ ಕುರ್ಚಿ ಇಟ್ಟು ಫೋಟೊ ತೆಗೆಯಿರಿ.