ಫೆರೋಎಲೆಕ್ಟ್ರಿಕ್ ಹರಳಿನ ಮಾಡೆಲ್‌ನಲ್ಲಿ ಚಿಟ್ಟೆ ಲೂಪ್ ಯಾಕೆ ಬರುತ್ತಿಲ್ಲ?

ಬಳ್ಳಾರಿಯಲ್ಲಿ ಎಂ.ಟೆಕ್ ಪ್ರಾಜೆಕ್ಟಿಗೆ ಬೇರಿಯಂ ಟೈಟನೇಟ್ ಹರಳಿನ ಕೋಡ್ ಬರೆದಿದ್ದೀರಿ. ವಿದ್ಯುತ್ ಫೀಲ್ಡ್ ಎಷ್ಟು ಏರಿಸಿದರೂ, ಎಷ್ಟು ಒತ್ತಿದರೂ ಫೀಲ್ಡ್-ಸ್ಟ್ರೇನ್ (ಉದ್ದದ ಸಾಪೇಕ್ಷ ಬದಲಾವಣೆ) ಗ್ರಾಫಿನಲ್ಲಿ ಚಿಟ್ಟೆ ರೆಕ್ಕೆಯಂಥ ಲೂಪ್ ಬರದೆ ನೆಟ್ಟಗಿನ ಗೆರೆಯೇ ಅಂತೀರಿ. ಅದು ಹಾಗೇ ಬರಬೇಕು, ಯಾಕಂದ್ರೆ ನೀವು ಹಾಕಿರುವುದು ಬರೀ ಲೀನಿಯರ್ ಪೀಜೋ ಸಮೀಕರಣ. ಅದರಲ್ಲಿ ಪೋಲರೈಸೇಷನ್ (ಹರಳಿನೊಳಗೆ ಧನ-ಋಣ ಚಾರ್ಜ್ ಬೇರ್ಪಟ್ಟಿರುವುದು) ದಿಕ್ಕು ಬದಲಿಸಲು ದಾರಿಯೇ ಇಲ್ಲ; ಫೆರೋಎಲೆಕ್ಟ್ರಿಕ್ ಅಂದರೆ ಆ ದಿಕ್ಕು ತಿರುಗಬಲ್ಲ ಹರಳು.

ಕೋಣೆಯ ಉಷ್ಣಾಂಶದಲ್ಲಿ ಪೋಲರೈಸೇಷನ್ ಆರು ದಿಕ್ಕುಗಳಲ್ಲಿ ಒಂದನ್ನು ಹಿಡಿದಿರುತ್ತದೆ, ಪ್ರಮಾಣ ಚದರ ಮೀಟರಿಗೆ 0.26 ಕೂಲಂಬ್. ಆ ದಿಕ್ಕಿನಲ್ಲಿ ಹರಳು ಅಡ್ಡಕ್ಕಿಂತ ಸುಮಾರು 1.1% ಉದ್ದ. ಸಂಶೋಧಕರಾದ ಹ್ವಾಂಗ್, ಲಿಂಚ್, ಮ್ಯಾಕ್‌ಮೀಕಿಂಗ್ 1995ರಲ್ಲಿ ಕೊಟ್ಟ ನಿಯಮದಿಂದ ಶುರು ಮಾಡಿ: ಫೀಲ್ಡ್ × ಪೋಲರೈಸೇಷನ್ ಬದಲಾವಣೆ, ಅದಕ್ಕೆ ಒತ್ತಡ × ಸ್ಟ್ರೇನ್ ಬದಲಾವಣೆ ಕೂಡಿಸಿ. ಮೊತ್ತ 2 × 0.26 × ಕೊಯರ್ಸಿವ್ ಫೀಲ್ಡ್ (ಪೋಲರೈಸೇಷನ್ ತಿರುಗಿಸಲು ಬೇಕಾದ ಫೀಲ್ಡ್) ಮುಟ್ಟಿದರೆ ದಿಕ್ಕು ತಿರುಗಿಸಿ. ಕೊಯರ್ಸಿವ್ ಫೀಲ್ಡ್ ಮಿ.ಮೀ.ಗೆ 0.1 ಕಿಲೋವೋಲ್ಟ್ ಎಂದು ಹಿಡಿದರೆ ಮಿತಿ 0.052 ಮೆಗಾಪಾಸ್ಕಲ್. ಬರೀ ಒತ್ತಡದಿಂದ ದಾಟಲು 0.052 ÷ 0.011, ಅಂದರೆ 4.7 ಮೆಗಾಪಾಸ್ಕಲ್ ಸಾಕು. ಮಾಡ್ಯುಲಸ್ (ಹರಳಿನ ಬಿಗಿತ) 100 ಗಿಗಾಪಾಸ್ಕಲ್ ಅಂದುಕೊಂಡರೂ ಅಷ್ಟೇ ಒತ್ತಡಕ್ಕೆ ಎಲಾಸ್ಟಿಕ್ ಸ್ಟ್ರೇನ್ 0.005% ಮುಟ್ಟುವುದಿಲ್ಲ. ನೀವು ಬಿಟ್ಟಿರುವ ಭಾಗ, ಅಂದರೆ ದಿಕ್ಕು ತಿರುಗಿದಾಗ ಬರುವ 1.1% ಸ್ಟ್ರೇನ್, ಅದರ ಇನ್ನೂರು ಪಟ್ಟಿಗೂ ಹೆಚ್ಚು.

ಯೂನಿಟ್ ಮೆಗಾಪಾಸ್ಕಲ್, ಮಿ.ಮೀ.ಗೆ ಕಿಲೋವೋಲ್ಟ್, ಚದರ ಮೀಟರಿಗೆ ಕೂಲಂಬ್ ಇಟ್ಟುಕೊಳ್ಳಿ. ಫೀಲ್ಡ್ × ಪೋಲರೈಸೇಷನ್ ನೇರ ಮೆಗಾಪಾಸ್ಕಲ್‌ನಲ್ಲೇ ಸಿಗುತ್ತದೆ, ಮ್ಯಾಟ್ರಿಕ್ಸೂ ಹದಗೆಡುವುದಿಲ್ಲ. ಎಸ್‌ಐ ಯೂನಿಟ್‌ನಲ್ಲಿ ಬಿಗಿತಕ್ಕೆ 10ರ ಘಾತ 11, ಪರ್ಮಿಟಿವಿಟಿಗೆ ಘಾತ −8, ಸಾಲ್ವರ್ ಸುಸ್ತಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಪೋಲರೈಸೇಷನ್ ಇರುವ ದಿಕ್ಕಿನಲ್ಲೇ ಒತ್ತಿದಾಗ ಅಡ್ಡದ ನಾಲ್ಕು ದಿಕ್ಕಿಗೂ ಶಕ್ತಿ ಸಮಸಮ. ಕೋಡ್ ಲೂಪಿನಲ್ಲಿ ಮೊದಲು ಸಿಕ್ಕಿದ್ದನ್ನೇ ಆರಿಸಿ, ಇಲ್ಲದ ಅಡ್ಡ ಪೋಲರೈಸೇಷನ್ ತೋರಿಸುತ್ತದೆ. ನಾಲ್ಕಕ್ಕೂ ಸಮನಾಗಿ ಹಂಚಿ. ಒಟ್ಟು ಪೋಲರೈಸೇಷನ್ ಸೊನ್ನೆಗೆ ಬರಬೇಕು. ಒತ್ತಡದಿಂದ 180 ಡಿಗ್ರಿ ತಿರುಗಿದರೆ ಕೋಡಿನಲ್ಲಿ ತಪ್ಪಿದೆ ಎಂದೇ ಅರ್ಥ, ಅಲ್ಲಿ ಸ್ಟ್ರೇನ್ ಬದಲಾವಣೆಯೇ ಇಲ್ಲವಲ್ಲ.

ಒಂದೇ ಏಟಿಗೆ ತಿರುಗಿಸಿದರೆ ನ್ಯೂಟನ್ ಲೂಪ್ (ಉತ್ತರವನ್ನು ಹಂತಹಂತವಾಗಿ ಸರಿಪಡಿಸುವ ಸುತ್ತು) ಕನ್ವರ್ಜ್ ಆಗದು, ಉತ್ತರಕ್ಕೆ ತಲುಪದು. ಆರು ದಿಕ್ಕಿಗೆ ಹರಳಿನ ಆರು ಪಾಲು, ಮೊತ್ತ 1, ಸ್ವಲ್ಪಸ್ವಲ್ಪವೇ ವರ್ಗಾಯಿಸಿ. ಪೊಟೆನ್ಶಿಯಲ್ ಇರುವ ಮ್ಯಾಟ್ರಿಕ್ಸ್ ಪಾಸಿಟಿವ್ ಡೆಫಿನಿಟ್ ಅಲ್ಲ, ಸಮೀಕರಣ ಬಿಡಿಸಲು ಚೋಲೆಸ್ಕಿ ವಿಧಾನ ಬಿಟ್ಟು ಎಲ್‌ಯು ಬಳಸಿ.

ಫೇಸ್-ಫೀಲ್ಡ್ (ಡೊಮೇನ್, ಅಂದರೆ ಒಂದೇ ದಿಕ್ಕಿನ ಪೋಲರೈಸೇಷನ್ ಇರುವ ಭಾಗಗಳ ಗೋಡೆಯನ್ನೂ ಲೆಕ್ಕಿಸುವ ಮಾಡೆಲ್) ಈಗಲೇ ಬೇಡ. ಡೊಮೇನ್ ಗೋಡೆಯ ದಪ್ಪ ಕೆಲವೇ ನ್ಯಾನೋಮೀಟರ್, ಮಿ.ಮೀ. ಹರಳಿಗೆ ಆ ಮೆಶ್ ಕಟ್ಟಲು ಆಗುವುದಿಲ್ಲ. ಮುಂದೆ ಮಾಡುವುದಾದರೆ, ಅದರ ಶಕ್ತಿ ಸೂತ್ರದ ಮೊದಲ ಲ್ಯಾಂಡೌ ಗುಣಾಂಕಕ್ಕೆ ಹಲವರು ಹಾಕುವುದು 3.34 ಲಕ್ಷ × (ಕೆಲ್ವಿನ್ ಉಷ್ಣಾಂಶ − 381). 25 ಡಿಗ್ರಿ ಸೆಲ್ಸಿಯಸ್ ಬದಲು 40 ಹಾಕಿದರೆ ಅದರ ಪ್ರಮಾಣ 18% ಕುಗ್ಗುತ್ತದೆ. ಏಸಿ ಇಲ್ಲದ ಬಳ್ಳಾರಿ ಲ್ಯಾಬಿನಲ್ಲಿ ಮೇ ತಿಂಗಳಲ್ಲಿ ಅಳೆದ ಲೂಪಿಗೆ ಹೋಲಿಸುತ್ತಿದ್ದರೆ ಅವತ್ತಿನ ಉಷ್ಣಾಂಶವನ್ನೇ ಹಾಕಿ.