ಗಿಡ್ಡ, ದುಂಡು, ಚಪ್ಪಟೆ: ವಿಚಿತ್ರ ರಾಕೆಟ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಕ್ರೇಯಾನ್ ಆಕಾರದ ಮಾದರಿ ರಾಕೆಟ್ ಕಿಟ್ ಜೋಡಿಸಿದ್ದೇನೆ. ಉದ್ದ 30 ಸೆಂ.ಮೀ., ವ್ಯಾಸ 6.6 ಸೆಂ.ಮೀ. ಮೂತಿಗೆ ಸ್ವಲ್ಪ ಜೇಡಿಮಣ್ಣು ತುಂಬಿದರೆ ಸಾಕು ಎಂದು ಕಿಟ್‌ನ ಹಾಳೆಯಲ್ಲಿದೆ. ಓಪನ್‌ರಾಕೆಟ್ ತಂತ್ರಾಂಶ ಮಾತ್ರ ಇದು ಅಸ್ಥಿರ ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಹಾಳೆಯನ್ನು ನಂಬಿ, ಆದರೆ ಪರೀಕ್ಷಿಸದೆ ಹಾರಿಸಬೇಡಿ. ಗುರುತ್ವಕೇಂದ್ರವು (ರಾಕೆಟ್ ಸಮತೂಗುವ ಜಾಗ) ಒತ್ತಡಕೇಂದ್ರಕ್ಕಿಂತ (ಗಾಳಿಯ ಒತ್ತು ಒಟ್ಟಾರೆ ಬೀಳುವ ಜಾಗ) ಕನಿಷ್ಠ ಒಂದು ವ್ಯಾಸದಷ್ಟು ಮುಂದಿರಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಒತ್ತಡಕೇಂದ್ರ ಹುಡುಕಲು ತಂತ್ರಾಂಶ ಬಳಸುವ ಬ್ಯಾರೋಮನ್ ಸಮೀಕರಣ ಸಪೂರ ರಾಕೆಟ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ಉದ್ದವು ವ್ಯಾಸದ ಹತ್ತು ಪಟ್ಟಿಗಿಂತ ಕಡಿಮೆಯಿದ್ದರೆ ಅಗಲ ಬುಡದ ಹಿಂದೆ ಗಾಳಿಯ ಒತ್ತಡ ಕುಸಿದು ರಾಕೆಟನ್ನು ಹಿಂದಕ್ಕೆ ಜಗ್ಗುತ್ತದೆ. ಗಾಳಿಪಟದ ಬಾಲದಂತೆ ಅದೇ ನೇರವಾಗಿಡುತ್ತದೆ. ಸಮೀಕರಣಕ್ಕೆ ಇದು ಕಾಣುವುದಿಲ್ಲ. ಹಾಗಾಗಿ ತಂತ್ರಾಂಶದಲ್ಲಿ ಬುಡಕ್ಕೆ ತೂಕವಿಲ್ಲದ ಒಂದು ಶಂಕುವನ್ನು ಸೇರಿಸಿ: ಚೂಪು ತುದಿ ಬುಡಕ್ಕೆ ತಾಗಿರಲಿ, ಹಿಂದಿನ ಬಾಯಿ ರಾಕೆಟ್‌ನಷ್ಟೇ ಅಗಲವಿರಲಿ, ಉದ್ದ ವ್ಯಾಸದ 3.14 ಪಟ್ಟು, ನಿಮಗೆ 20.7 ಸೆಂ.ಮೀ. ಇದು ಸ್ಥಿರತೆ ನೋಡಲು ಮಾತ್ರ. ಎತ್ತರದ ಲೆಕ್ಕಕ್ಕೆ ಮುನ್ನ ತೆಗೆದುಬಿಡಿ.

ಆಮೇಲೂ ಸಾಲದಿದ್ದರೆ ತೂಕ ಸೇರಿಸಿ, ಅಂದಾಜಿನಿಂದಲ್ಲ. ಮೋಟಾರು, ವ್ಯಾಡಿಂಗ್ (ಪ್ಯಾರಾಚೂಟ್ ಸುಡದಂತೆ ತುರುಕುವ ಕಾಗದ), ಪ್ಯಾರಾಚೂಟ್ ಎಲ್ಲ ತುಂಬಿದ ರಾಕೆಟ್ 80 ಗ್ರಾಂ, ಅದು ಸಮತೂಗುವ ಜಾಗ ಮೂತಿಯಿಂದ 18 ಸೆಂ.ಮೀ. ಎಂದುಕೊಳ್ಳಿ. ಅದನ್ನು 15ಕ್ಕೆ ತರಬೇಕು, ತೂಕ ಕೂರುವುದು ಮೂತಿಯಿಂದ 2 ಸೆಂ.ಮೀ. ಒಳಗೆ. 80 × 3 (18 ಕಳೆ 15) = 240; ಅದನ್ನು 13ರಿಂದ (15 ಕಳೆ 2) ಭಾಗಿಸಿದರೆ ಸುಮಾರು 18.5 ಗ್ರಾಂ. ತೂಕವನ್ನು ಮೂತಿಯಿಂದ 8 ಸೆಂ.ಮೀ. ಒಳಗಿಟ್ಟರೆ 34 ಗ್ರಾಂ ಬೇಕಾಗುತ್ತದೆ. ಆಗ ಒಟ್ಟು 114 ಗ್ರಾಂ, ಸಿ6-3 ಎಂಬ ಮೋಟಾರು ಎತ್ತಬಹುದಾದ 113 ಗ್ರಾಂ ಮಿತಿಯೇ ದಾಟಿತು.

ಜೇಡಿಮಣ್ಣನ್ನು ಬರಿದೇ ಒತ್ತಿ ಬಿಟ್ಟರೆ ಎಜೆಕ್ಷನ್ ಹೊಡೆತಕ್ಕೆ (ಪ್ಯಾರಾಚೂಟ್ ಹೊರದಬ್ಬಲು ಮೋಟಾರು ಕೊನೆಗೆ ಮಾಡುವ ಸಣ್ಣ ಸ್ಫೋಟ) ಕಳಚಿಕೊಳ್ಳುತ್ತದೆ. ನುಣುಪು ಪ್ಲಾಸ್ಟಿಕ್‌ಗೆ ಎಪಾಕ್ಸಿ ಅಂಟೂ ಹಿಡಿಯುವುದಿಲ್ಲ. ಮೂತಿಗೆ ಅಡ್ಡಲಾಗಿ ಎರಡು ತೂತು ಕೊರೆದು ಒಂದು ಬಿದಿರುಕಡ್ಡಿ ತೂರಿಸಿ, ಎಪಾಕ್ಸಿ ಅದನ್ನು ಸುತ್ತುವರಿಯಲಿ. ಒಮ್ಮೆಗೇ ಸುರಿದರೆ ಎಪಾಕ್ಸಿ ಕಾದು ಮೂತಿಯೇ ಸೊಟ್ಟಗಾಗಬಹುದು. ಸ್ವಲ್ಪ ಸ್ವಲ್ಪವೇ ಹಾಕಿ.

ಪ್ರಶ್ನೆ: ದಾರ ಕಟ್ಟಿ ತಿರುಗಿಸುವ ಪರೀಕ್ಷೆಯಲ್ಲಿ ಇಂಥ ಗಿಡ್ಡ ರಾಕೆಟ್ ಅಡ್ಡಡ್ಡ ಹೊರಳುತ್ತದೆ. ಇದನ್ನು ಹಾರಿಸಲೇಬಾರದೇ?

ಉತ್ತರ: ಹಾಗೇನಿಲ್ಲ. ಆ ಪರೀಕ್ಷೆ ಕಟ್ಟುನಿಟ್ಟು ಜಾಸ್ತಿ. ಗಿಡ್ಡ ರಾಕೆಟ್‌ಗಳು ಅದರಲ್ಲಿ ಸೋತು ಆಕಾಶದಲ್ಲಿ ನೆಟ್ಟಗೆ ಹೋಗುವುದುಂಟು. ದಾರ 2-3 ಮೀಟರ್ ಇರಲಿ, ಸಮತೂಗುವ ಜಾಗದಲ್ಲೇ ಟೇಪ್‌ನಿಂದ ಭದ್ರಪಡಿಸಿ, ಮೊದಲ ತಳ್ಳು ಮೂತಿ ಮುಂದಾಗಿ ಕೊಡಿ. ಪಾಸಾದರೆ ನಿಶ್ಚಿಂತೆ. ಫೇಲಾದರೆ ಮೇಲಿನ ಶಂಕುವಿನ ಲೆಕ್ಕ ನೋಡಿ.

ಪ್ರಶ್ನೆ: ಹಾರುವ ತಟ್ಟೆಯ ಕಿಟ್. ಸಿ6-5 ಹಾಕಿದೆ, ನೆಲಕ್ಕೆ ಬಿದ್ದ ಮೇಲೆ ಢಮ್ ಅಂತು. ಯಾಕೆ?

ಉತ್ತರ: ಕೊನೆಯ ಅಂಕೆ 5 ಅಂದರೆ ದಹನ ಮುಗಿದ ಮೇಲೆ ಎಜೆಕ್ಷನ್‌ಗೆ ಐದು ಸೆಕೆಂಡಿನ ವಿಳಂಬ. ತಟ್ಟೆಗೆ ಗಾಳಿಯ ತಡೆ ವಿಪರೀತ, ಮೋಟಾರು ಆರಿದೊಡನೆ ನಿಂತುಬಿಡುತ್ತದೆ. ಕಿಟ್‌ನ ಹಾಳೆ ಒಪ್ಪುವ ಮೋಟಾರುಗಳಲ್ಲಿ ಅತಿ ಕಡಿಮೆ ವಿಳಂಬದ್ದನ್ನೇ ಆರಿಸಿ. ಒಣ ಹುಲ್ಲಿನ ಮೇಲೆ ಎಜೆಕ್ಷನ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು. ಮೋಟಾರಿನ ಕೊಳವೆಯ ಮುಂಬದಿ ಮುಚ್ಚಿಬಿಡಬೇಡಿ, ಅನಿಲಕ್ಕೆ ದಾರಿ ಸಿಗದೆ ಮೋಟಾರೇ ಹಿಂದಕ್ಕೆ ಚಿಮ್ಮುತ್ತದೆ.

ಪ್ರಶ್ನೆ: ಉಡಾವಣಾ ರಾಡ್ ಬಿಟ್ಟ ಕೂಡಲೇ ರಾಕೆಟ್ ಗಾಳಿಗೆ ಎದುರಾಗಿ ಮಲಗಿಬಿಡುತ್ತದೆ. ಫಿನ್ (ಬುಡದ ರೆಕ್ಕೆ) ಇನ್ನೂ ದೊಡ್ಡದು ಮಾಡಲೇ?

ಉತ್ತರ: ಬೇಡ, ಫಿನ್ ಹಿಗ್ಗಿಸಿದಷ್ಟೂ ಗಾಳಿಗೆ ಮುಖ ತಿರುಗಿಸುವ ಚಟ ಹೆಚ್ಚುತ್ತದೆ. ಕೊರತೆಯಿರುವುದು ವೇಗದಲ್ಲಿ. ರಾಡ್ ಬಿಡುವಾಗ ಸೆಕೆಂಡಿಗೆ ಸುಮಾರು 13 ಮೀಟರ್ ಆದರೂ ಇರಬೇಕು. 90 ಸೆಂ.ಮೀ. ರಾಡ್ ಬದಲು 120ರದ್ದು ಬಳಸಿದರೆ ವೇಗ ಶೇಕಡಾ 15ರಷ್ಟು ಏರುತ್ತದೆ. ಅಷ್ಟುದ್ದಕ್ಕೆ ಸಪೂರ ರಾಡ್ ಬಾಗುತ್ತದೆ, ದಪ್ಪದ್ದೇ ಬೇಕು. ಅದೂ ಸಾಲದಿದ್ದರೆ 24 ಮಿ.ಮೀ. ವ್ಯಾಸದ, ಹೆಚ್ಚು ಬಲದ ಡಿ12-3 ಮೋಟಾರು ಹಾಕಿ, ಆದರೆ ಬುಡ ಭಾರವಾಗುವುದರಿಂದ ಮೂತಿಯ ತೂಕವನ್ನು ಮತ್ತೆ ಲೆಕ್ಕ ಹಾಕಬೇಕು.

ಪ್ರಶ್ನೆ: ಥರ್ಮೋಕೋಲ್ ಮೈಗೆ ಸ್ಪ್ರೇ ಪೇಂಟ್ ಹೊಡೆಯಬಹುದೇ?

ಉತ್ತರ: ಮಾಮೂಲಿ ಸ್ಪ್ರೇ ಪೇಂಟ್ ಅದನ್ನು ಕರಗಿಸಿಬಿಡುತ್ತದೆ, ಸೂಪರ್ ಗ್ಲೂ ಕೂಡ. ನೀರಿನ ಅಕ್ರಿಲಿಕ್ ಬಣ್ಣ, ಮರಕ್ಕೆ ಹಾಕುವ ಬಿಳಿ ಗೋಂದು ಸರಿ. ಬುಡ ಭಾರವಾಗದಂತೆ ಹಿಂಭಾಗಕ್ಕೆ ಬಣ್ಣ ತೆಳ್ಳಗಿರಲಿ.

ಪ್ರಶ್ನೆ: ಗುಂಡಿ ಒತ್ತಿದರೂ ಏನೂ ಆಗದಿದ್ದರೆ?

ಉತ್ತರ: ಸುರಕ್ಷತಾ ಕೀ ತೆಗೆದು 60 ಸೆಕೆಂಡು ಕಾಯಿರಿ, ಆಮೇಲಷ್ಟೇ ಹತ್ತಿರ ಹೋಗಿ. ಇಗ್ನೈಟರ್‌ಗೆ (ಮೋಟಾರಿಗೆ ಬೆಂಕಿ ಹಚ್ಚುವ ತಂತಿ) ಸಿಕ್ಕಿಸಿದ ಎರಡು ಕ್ಲಿಪ್ ಒಂದಕ್ಕೊಂದು ತಾಗಿರುವುದು, ಅದರ ತುದಿ ಒಳಗಿನ ಇಂಧನಕ್ಕೆ ಮುಟ್ಟದಿರುವುದು, ಇಲ್ಲವೇ ಬ್ಯಾಟರಿ ಸೊರಗಿರುವುದು, ಹೆಚ್ಚಾಗಿ ಇವೇ ಕಾರಣ.